ಹೋಗು ಅಂದಾಗಲೂ, ಹಿಂದಿರುಗು ಅಂದಾಗಲೂ

ಸತ್ಯವೇದದಲ್ಲಿ ಯೆಹೂದ ರಾಜ್ಯದ ಅರಸರಲ್ಲಿ ಅಮಚ್ಯ ಎಂಬವನೊಬ್ಬ ಬರುತ್ತಾನೆ. ಭಾನುವಾರದ ಪ್ರಸಂಗಗಳಲ್ಲಿ ಇವನ ಹೆಸರು ಕೇಳುವುದು ಅಪರೂಪ. ಸೌಲ, ದಾವೀದ, ಸೊಲೊಮೋನ ಅಂದರೆ ಸಂಡೇ ಸ್ಕೂಲ್ ಮಕ್ಕಳಿಗೂ ಗೊತ್ತು. ಅಮಚ್ಯ ಯಾರು ಅಂದರೆ ದೊಡ್ಡವರೂ ಸ್ವಲ್ಪ ಯೋಚಿಸಬೇಕು. ಎರಡನೆಯ ಪೂರ್ವಕಾಲವೃತ್ತಾಂತದ 25ನೇ ಅಧ್ಯಾಯ ಪೂರ್ತಿ ಇವನದೇ. 25ನೇ ವಯಸ್ಸಿಗೆ ಪಟ್ಟಕ್ಕೆ ಬಂದ, 29 ವರ್ಷ ಆಳಿದ. ಅವನ ಕಥೆ ಶುರುವಾಗುವ ಮೊದಲೇ, ಎರಡನೇ ವಚನದಲ್ಲೇ, ತೀರ್ಪು ಬಂದುಬಿಡುತ್ತದೆ. ಯೆಹೋವನ ದೃಷ್ಟಿಗೆ ಸರಿಯಾದದ್ದನ್ನೇ ಮಾಡಿದ, ಆದರೆ ಪೂರ್ಣಮನಸ್ಸಿನಿಂದ ಮಾಡಲಿಲ್ಲ.

ಈ ವಚನ ಓದಿದಾಗಲೆಲ್ಲ ನನಗೆ ಭಯವಾಗುತ್ತದೆ. ಕೆಟ್ಟದ್ದು ಮಾಡಿದ ಅರಸರ ಬಗ್ಗೆ ಓದುವಾಗ ಅಷ್ಟು ಭಯ ಆಗುವುದಿಲ್ಲ. ಆಹಾಬನ ಕಥೆ ಓದಿ, ನಾನು ಇವನ ಹಾಗಲ್ಲ ಅಂತ ಪುಸ್ತಕ ಮುಚ್ಚಬಹುದು. ಅಮಚ್ಯನ ವಿಷಯದಲ್ಲಿ ಹಾಗೆ ಆಗುವುದಿಲ್ಲ. ಇವನು ಸರಿಯಾದದ್ದನ್ನೇ ಮಾಡಿದ. ದೇವರ ಮಾತು ಕೇಳಿದ. ಕೇಳಿ ನಷ್ಟವನ್ನೂ ಅನುಭವಿಸಿದ.

ಆ ನಷ್ಟದ ಕಥೆ ಹೀಗಿದೆ. ಎದೋಮ್ಯರ ಮೇಲೆ ಯುದ್ಧಕ್ಕೆ ಹೊರಟಾಗ ಅಮಚ್ಯ ಇಸ್ರಾಯೇಲಿನಿಂದ 1,00,000 ಸೈನಿಕರನ್ನು ಬಾಡಿಗೆಗೆ ತಂದ. ಅದಕ್ಕೆ 100 ತಲಾಂತು ಬೆಳ್ಳಿ ಕೊಟ್ಟ. ನಮ್ಮ ಲೆಕ್ಕದಲ್ಲಿ ಮೂರು ಟನ್ನಿಗೂ ಜಾಸ್ತಿ ಬೆಳ್ಳಿ. ಆಗ ದೇವರ ಮನುಷ್ಯನೊಬ್ಬ ಬಂದು, ಆ ದಂಡನ್ನು ಕರೆದುಕೊಂಡು ಹೋಗಬೇಡ, ವಾಪಸ್ ಕಳಿಸು ಅಂದ. ಅಮಚ್ಯ ಕೇಳಿದ ಪ್ರಶ್ನೆ ಒಂದೇ. ಹಾಗಾದರೆ ನಾನು ಕೊಟ್ಟ 100 ತಲಾಂತಿನ ಗತಿ ಏನು? ದೇವರು ಅದಕ್ಕಿಂತ ಜಾಸ್ತಿ ಕೊಡಬಲ್ಲ ಅಂತ ಉತ್ತರ ಬಂತು. ಅಮಚ್ಯ ದಂಡನ್ನು ಕಳಿಸಿಬಿಟ್ಟ. ಇಷ್ಟು ದೊಡ್ಡ ಮೊತ್ತ ಕೈಬಿಟ್ಟು ದೇವರ ಮಾತು ಕೇಳಿದವರನ್ನು ನಾವು ಸಭೆಯಲ್ಲಿ ನಿಲ್ಲಿಸಿ ಸಾಕ್ಷಿ ಹೇಳಿಸುತ್ತೇವೆ, ಅಲ್ವಾ?

ಉಪ್ಪಿನ ತಗ್ಗಿನಲ್ಲಿ ಅವನು ಯುದ್ಧ ಗೆದ್ದ. ಗೆದ್ದು ಬರುವಾಗ ಆ ಸೇಯೀರಿನವರ, ಅಂದರೆ ಎದೋಮ್ಯರ, ದೇವರುಗಳ ಮೂರ್ತಿಗಳನ್ನು ಜೊತೆಗೆ ತಂದ. ತಂದು ನಿಲ್ಲಿಸಿ, ಅಡ್ಡಬಿದ್ದು, ಧೂಪ ಹಾಕಿದ. ತಮ್ಮ ಜನರನ್ನೇ ಉಳಿಸಿಕೊಳ್ಳಲಾಗದ ದೇವರುಗಳನ್ನು ಯಾಕೆ ಆಶ್ರಯಿಸಿದೆ ಅಂತ ಪ್ರವಾದಿ ಕೇಳಿದರೆ, ನಿನ್ನನ್ನು ಅರಸನ ಮಂತ್ರಿಯಾಗಿ ನೇಮಿಸಿದ್ದು ಯಾರು, ಬಾಯಿ ಮುಚ್ಚು ಅಂದ. ಕೆಲವೇ ವಚನಗಳ ಹಿಂದೆ ದೇವರ ಮನುಷ್ಯನ ಮಾತಿಗೆ ಮೂರು ಟನ್ ಬೆಳ್ಳಿ ಬಿಟ್ಟವನು ಇವನೇ.

ಇದನ್ನು ಓದಿ ನಾನು ಬಹಳ ದಿನ ಯೋಚಿಸಿದ್ದೇನೆ. ನನಗೆ ತೋಚಿದ್ದು ಇಷ್ಟು. ಅವನ ವಿಧೇಯತೆಯ ಹಿಂದೆ ಒಂದು ಲೆಕ್ಕ ಇತ್ತು. ಇದನ್ನು ಬಿಟ್ಟರೆ ಅದು ಸಿಗುತ್ತದೆ ಅಂತ ಅನಿಸಿದಾಗ ಬಿಟ್ಟ. ಸಿಕ್ಕಿದ ಮೇಲೆ ಲೆಕ್ಕ ಚುಕ್ತಾ. ಮುಂದಿನ ಮಾತು ಕೇಳಬೇಕಾದ ಹಂಗು ಉಳಿಯಲಿಲ್ಲ.

ಹಾಗಾದರೆ ಪೂರ್ಣಮನಸ್ಸು ಅಂದರೆ ಏನು? ಸತ್ಯವೇದದಲ್ಲಿ ಯೆಹೋವನನ್ನು ಪೂರ್ಣಮನಸ್ಸಿನಿಂದ ಹಿಂಬಾಲಿಸಿದ ಅಂತ ಮತ್ತೆ ಮತ್ತೆ ಹೇಳಿಸಿಕೊಂಡವನು ಕಾಲೇಬ. ಅರಣ್ಯಕಾಂಡದಲ್ಲಿ, ಧರ್ಮೋಪದೇಶಕಾಂಡದಲ್ಲಿ, ಯೆಹೋಶುವನ ಪುಸ್ತಕದಲ್ಲಿ, ಎಲ್ಲ ಕಡೆ ಅದೇ ಮಾತು. ಅವನು ಅರಸನಲ್ಲ, ಯಾಜಕನಲ್ಲ, ಪ್ರವಾದಿಯೂ ಅಲ್ಲ. ಯೆಫುನ್ನೆಯ ಮಗ, ಕೆನಿಜ್ಜೀಯನು ಅಂತ ಒಂದು ಗುರುತು ಇದೆ, ಅಷ್ಟೇ.

ಕಾಲೇಬ ಅಂದರೆ ನಮಗೆ ನೆನಪಾಗುವುದು ಗೂಢಚಾರರ ಕಥೆ. ಐಗುಪ್ತದಿಂದ ಬಿಡುಗಡೆಯಾಗಿ ಬಂದ ಇಸ್ರಾಯೇಲ್ಯರಲ್ಲಿ ಕುಲಕ್ಕೆ ಒಬ್ಬರಂತೆ 12 ಮಂದಿ, ಎಲ್ಲರೂ ಮುಖಂಡರೇ, ದೇವರು ಕೊಡುತ್ತೇನೆ ಅಂದಿದ್ದ ಕಾನಾನ್ ದೇಶ ನೋಡಲು ಹೋದರು. 40 ದಿನ ಸುತ್ತಿದರು. ಎಷ್ಕೋಲ್ ಹಳ್ಳದಿಂದ ಒಂದು ದ್ರಾಕ್ಷಿ ಗೊಂಚಲನ್ನು ಇಬ್ಬರು ಅಡ್ಡೆಗೋಲಿನಲ್ಲಿ ಹೊತ್ತು ತಂದರು. ಜೊತೆಗೆ ದಾಳಿಂಬೆ, ಅಂಜೂರ. ದೇಶ ಒಳ್ಳೆಯದು ಅನ್ನುವುದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ಆದರೆ ಅಲ್ಲಿನ ಜನ ಬಲಿಷ್ಠರು, ದೈತ್ಯರಾದ ಅನಾಕನ ವಂಶದವರು ಅಲ್ಲಿದ್ದಾರೆ, ಅವರ ಮುಂದೆ ನಾವು ಮಿಡತೆಗಳ ಹಾಗಿದ್ದೆವು ಅಂತ 10 ಮಂದಿ ಹೇಳಿದರು. ಕಾಲೇಬ ಜನರನ್ನು ಸುಮ್ಮನಿರಿಸಿ, ಈಗಲೇ ಹೋಗೋಣ, ಗೆಲ್ಲಬಲ್ಲೆವು ಅಂದ. ಯೆಹೋಶುವ ಅವನ ಜೊತೆ ನಿಂತ. ಜನ ಕಲ್ಲು ಹೊಡೆಯಬೇಕು ಅಂದರು.

ಪ್ರಸಂಗಗಳು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತವೆ. ಧೈರ್ಯವಂತ ಕಾಲೇಬ, ನಂಬಿಕೆಯ ಕಾಲೇಬ. ಅದು ನಿಜವೇ. ಆದರೆ ಅವನ ಪೂರ್ಣಮನಸ್ಸು ನನಗೆ ಕಂಡಿದ್ದು ಅಲ್ಲಿ ಅಲ್ಲ, ಅದರ ಮರುದಿನ.

ಅರಣ್ಯಕಾಂಡ 14ನೇ ಅಧ್ಯಾಯವನ್ನು ಸಾವಕಾಶವಾಗಿ ಓದಿ. 24ನೇ ವಚನದಲ್ಲಿ ಕಾಲೇಬನ ಪೂರ್ಣಮನಸ್ಸಿನ ಬಗ್ಗೆ ದೇವರು ಮೆಚ್ಚಿ ಮಾತಾಡುತ್ತಾನೆ. ಅವನು ನೋಡಿ ಬಂದ ದೇಶ ಅವನಿಗೆ ಸಿಗುತ್ತದೆ ಅನ್ನುತ್ತಾನೆ. ಅದರ ಹಿಂದೆಯೇ 25ನೇ ವಚನ. ನಾಳೆ ನೀವು ಹಿಂದಿರುಗಿ, ಕೆಂಪು ಸಮುದ್ರದ ದಾರಿ ಹಿಡಿದು ಅರಣ್ಯಕ್ಕೆ ಹೋಗಿರಿ. ಈ ಆಜ್ಞೆ ಎಲ್ಲರಿಗೂ. ಕಾಲೇಬನೂ ಸೇರಿ.

ಅವನ ಜಾಗದಲ್ಲಿ ಒಂದು ಗಳಿಗೆ ನಿಂತು ನೋಡಿ. ಮೇಲಕ್ಕೆ ಹೋಗು ಅಂದಾಗ ಹೋಗಲು ಅವನಿಗೆ ಮನಸ್ಸಿತ್ತು. ದೇವರ ಮಾತೂ ಅವನ ಆಸೆಯೂ ಒಂದೇ ದಿಕ್ಕಿಗೆ ಇದ್ದವು. ಅಂಥ ಹೊತ್ತಿನಲ್ಲಿ ವಿಧೇಯತೆ ಯಾವುದು, ನಮ್ಮ ಸ್ವಂತ ಉಮೇದು ಯಾವುದು ಅಂತ ಬೇರೆ ಮಾಡಿ ಹೇಳುವುದು ಕಷ್ಟ. ಈಗ ಮಾತು ತಿರುಗಿತು. ಹಿಂದಕ್ಕೆ ನಡೆ. ತಪ್ಪು ಮಾಡಿದವರು ಬೇರೆಯವರು, ನಡೆಯಬೇಕಾದವನು ನೀನೂ ಹೌದು.

ಅದೇ ಅಧ್ಯಾಯದ ಕೊನೆಯಲ್ಲಿ ಇನ್ನೊಂದು ಘಟನೆ ಇದೆ. ಜನರಿಗೆ ರಾತ್ರಿ ಕಳೆಯುವಷ್ಟರಲ್ಲಿ ಬುದ್ಧಿ ಬಂತು. ಬೆಳಗ್ಗೆ ಎದ್ದವರೇ, ನಾವು ಪಾಪ ಮಾಡಿದೆವು, ಯೆಹೋವನು ಹೇಳಿದ ಸ್ಥಳಕ್ಕೆ ಈಗ ಹೋಗುತ್ತೇವೆ ಅಂದರು. ಹೋಗಬೇಡಿ, ಯೆಹೋವನು ನಿಮ್ಮ ನಡುವೆ ಇಲ್ಲ ಅಂತ ಮೋಶೆ ಹೇಳಿದ. ಕೇಳಲಿಲ್ಲ. ಬೆಟ್ಟ ಹತ್ತಿದರು. ದೇವರ ಸನ್ನಿಧಿಯ ಗುರುತಾದ ಒಡಂಬಡಿಕೆಯ ಮಂಜೂಷ ಪಾಳೆಯದಲ್ಲೇ ಉಳಿಯಿತು, ಮೋಶೆಯೂ ಉಳಿದ. ಅಮಾಲೇಕ್ಯರೂ ಕಾನಾನ್ಯರೂ ಇಳಿದುಬಂದು ಅವರನ್ನು ಹೊರ್ಮಾದವರೆಗೆ ಬಡಿದು ಅಟ್ಟಿದರು.

ವಿಚಿತ್ರ ಅಂದರೆ, ಆ ಬೆಳಗ್ಗೆ ಅವರು ಮಾಡಿದ್ದು ಹಿಂದಿನ ದಿನ ಕಾಲೇಬ ಮಾಡೋಣ ಅಂದದ್ದನ್ನೇ. ಅದೇ ಬೆಟ್ಟ, ಅದೇ ದಾರಿ, ಅದೇ ಶತ್ರು. ನಿನ್ನೆ ಹೋಗಿದ್ದರೆ ವಿಧೇಯತೆ, ಇವತ್ತು ಹೋದರೆ ಹಟ. ಅವನಿಗೆ ಎಷ್ಟು ಆಸೆ ಆಗಿರಬೇಡ! ಕಡೆಗೂ ಜನ ನನ್ನ ಮಾತಿಗೆ ಬಂದರು, ಈಗಲಾದರೂ ಹೋಗೋಣ ಅಂತ ಅನಿಸುವುದು ಸಹಜವೇ. ಆದರೆ ಆ ಗುಂಪಿನ ಜೊತೆ ಕಾಲೇಬನ ಹೆಸರಿಲ್ಲ. ಅವನು ಹಿಂದಿರುಗಿದ.

ನಾವು ವಿಧೇಯತೆ ಅಂದ ಕೂಡಲೇ ಕೆಟ್ಟ ಆಸೆಗಳನ್ನು ಬಿಡುವುದರ ಬಗ್ಗೆಯೇ ಮಾತಾಡುತ್ತೇವೆ. ಸುಳ್ಳು ಬಿಡು, ಕುಡಿತ ಬಿಡು, ಕೋಪ ಬಿಡು. ಅದೆಲ್ಲ ಬೇಕು, ನಿಜ. ಆದರೆ ದೇವರು ನಮ್ಮ ಒಳ್ಳೆಯ ಆಸೆಗೂ ಬೇಡ ಅನ್ನುವ ದಿನಗಳು ಬರುತ್ತವೆ. ಸೇವೆಗೆ ಹೋಗಬೇಕು ಅಂತ ಹೊರಟ ಹುಡುಗಿ ಕಾಯಿಲೆ ಬಿದ್ದ ಅಪ್ಪನನ್ನು ನೋಡಿಕೊಳ್ಳುತ್ತಾ ಮನೆಯಲ್ಲೇ ಉಳಿಯಬೇಕಾಗುತ್ತದೆ. ಹಾಡಲು ಬರುವವನಿಗೆ ಗಂಟಲು ಹೋಗುತ್ತದೆ. ಅಲ್ಲಿ ಬಿಡಬೇಕಾದದ್ದು ಪಾಪವಲ್ಲ. ಹಾಗಾಗಿಯೇ ಅದು ಇನ್ನೂ ಕಷ್ಟ. ಪಾಪವನ್ನು ಬಿಡುವಾಗ ಮನಸ್ಸಾಕ್ಷಿಯಾದರೂ ನಮ್ಮ ಕಡೆ ಇರುತ್ತದೆ. ಒಳ್ಳೆಯದನ್ನು ಬಿಡುವಾಗ ಅದೂ ಇರುವುದಿಲ್ಲ.

ಶಿಲುಬೆಯ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ನಡೆದದ್ದೂ ಇದೇ ಅಂತ ನನಗೆ ಅನಿಸುತ್ತದೆ. ಸಾಧ್ಯವಾದರೆ ಈ ಪಾತ್ರೆ ನನ್ನಿಂದ ತೊಲಗಲಿ ಅಂತ ಯೇಸುಸ್ವಾಮಿ ಬೇಡಿದರು. ಒಂದು ಸಲ ಅಲ್ಲ, ಮತ್ತಾಯನ ಪ್ರಕಾರ ಮೂರು ಸಲ. ಸಾಯಬಾರದು ಅನ್ನುವ ಆಸೆ ಪಾಪವಲ್ಲ. ಅವರ ಮನಸ್ಸಿನಲ್ಲಿ ಪಾಪವೇ ಇರಲಿಲ್ಲ. ಆದರೂ ನನ್ನ ಚಿತ್ತ ಅಲ್ಲ, ನಿನ್ನ ಚಿತ್ತ ಅಂತ ಹೇಳಬೇಕಾಯಿತು, ಹೇಳುವಾಗ ಬೆವರು ಸುರಿಯಿತು. ಆತನು ಮಗನಾಗಿದ್ದರೂ ಅನುಭವಿಸಿದ ಬಾಧೆಗಳಿಂದಲೇ ವಿಧೇಯತೆಯನ್ನು ಕಲಿತನು ಅಂತ ಇಬ್ರಿಯರಿಗೆ ಬರೆದ ಪತ್ರಿಕೆ ಹೇಳುತ್ತದೆ. ಪೂರ್ಣಮನಸ್ಸು ಅಂದರೆ ಖುಷಿಖುಷಿಯಾಗಿ, ನಗುತ್ತಾ ಮಾಡುವುದು ಅಂದುಕೊಂಡವರು ಆ ತೋಟಕ್ಕೆ ಹೋಗಿ ನೋಡಬೇಕು. ಬೇಡಿಕೊಳ್ಳುವುದಕ್ಕೆ ಅಲ್ಲಿ ಜಾಗ ಇದೆ. ಅಳುವುದಕ್ಕೂ ಇದೆ.

ನಮ್ಮ ದೊಡ್ಡಮ್ಮನ ವಿಷಯ ಇಲ್ಲಿ ಹೇಳಲೇಬೇಕು. ಅವರು ತುಮಕೂರಿನಲ್ಲಿ ಟೀಚರ್ ಆಗಿದ್ದು ರಿಟೈರ್ ಆದವರು. ಒಂದು ಸೈಟು ಮಾರಬೇಕಾಗಿ ಬಂತು. ತೆಗೆದುಕೊಳ್ಳುವವರು ಅರ್ಧ ಚೆಕ್ಕು, ಅರ್ಧ ಕ್ಯಾಷು ಅಂದರು. ಎಲ್ಲರೂ ಮಾಡೋದೇ ಇದು ಅಮ್ಮಾ ಅಂತ ಬ್ರೋಕರ್ ಕೂಡ ಹೇಳಿದ. ಪೂರ್ತಿ ಬೆಲೆಗೇ ರಿಜಿಸ್ಟರ್ ಆಗಬೇಕು, ಇಲ್ಲಾಂದ್ರೆ ಬೇಡ ಬಿಡಪ್ಪ ಅಂದರು ದೊಡ್ಡಮ್ಮ. ಆ ಗಿರಾಕಿ ಹೋದ. ಆಮೇಲೆ ಬಂದವನಿಗೆ ಕಡಿಮೆಗೇ ಕೊಟ್ಟರು. ನಾವೆಲ್ಲ ಅವರನ್ನು ಹೊಗಳಿದೆವು. ಅವರಿಗೆ ಆ ಹೊಗಳಿಕೆ ಹಿಡಿಸಲಿಲ್ಲ.

"ದುಡ್ಡಿನ ವಿಷಯದಲ್ಲಿ ದೇವರ ಮಾತು ಕೇಳೋದು ನನಗೆ ಕಷ್ಟ ಅಲ್ಲ ಕಣೋ. ನನಗೆ ದುಡ್ಡಿನ ಆಸೆ ಮೊದಲಿಂದ್ಲೂ ಅಷ್ಟಿಲ್ಲ. ಅವನ ಮನೆಗೆ ಹೋಗು ಅಂದ್ರೆ ಮಾತ್ರ ನನ್ನ ಕಾಲೇ ಏಳಲ್ಲ."

ಅವನು ಅಂದರೆ ಅವರ ತಮ್ಮ. ಹಳೆಯ ಮನೆಯ ಪಾಲಿನ ವಿಷಯದಲ್ಲಿ ಮಾತು ಬಿಟ್ಟಿದ್ದರು. ತಪ್ಪು ತಮ್ಮನದೇ ಅಂತ ಇಡೀ ಬಳಗಕ್ಕೆ ಗೊತ್ತು. ಆದರೆ ಬಲಿಪೀಠದ ಹತ್ತಿರ ಕಾಣಿಕೆ ತಂದಾಗ ನಿನ್ನ ಸಹೋದರನಿಗೆ ನಿನ್ನ ಮೇಲೆ ಏನೋ ಇದೆ ಅಂತ ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಸಮಾಧಾನವಾಗು ಅನ್ನುವ ಯೇಸುಸ್ವಾಮಿಯ ಮಾತು ಅವರನ್ನು ಬಿಡಲಿಲ್ಲ. ಆ ವಚನದಲ್ಲಿ ತಪ್ಪು ಯಾರದು ಅಂತ ಕೇಳುವುದೇ ಇಲ್ಲ. ಒಂದು ಶನಿವಾರ ನನ್ನನ್ನು ಕರೆದುಕೊಂಡು ಹೊರಟರು. ಮಾರನೆಯ ದಿನ ದೇವಾಲಯದಲ್ಲಿ ಕರ್ತನ ಭೋಜನ.

ಆಟೋದಲ್ಲಿ ಅವರು ಒಂದು ಮಾತೂ ಆಡಲಿಲ್ಲ. ಮಾವನ ಮನೆಯಲ್ಲಿ ಟೀವಿ ಓಡುತ್ತಿತ್ತು. ಬಾ ಅಕ್ಕ ಅಂತ ಅಂದರೇ ಹೊರತು ಮಾವ ಟೀವಿ ಆರಿಸಲಿಲ್ಲ, ಸದ್ದೂ ಕಡಿಮೆ ಮಾಡಲಿಲ್ಲ. ಅತ್ತೆ ಕಾಫಿ ತಂದಿಟ್ಟು ಒಳಗೆ ಹೋದರು. ದೊಡ್ಡಮ್ಮ ಆ ಸದ್ದಿನಲ್ಲೇ, ಸ್ವಲ್ಪ ದನಿ ಎತ್ತರಿಸಿ ಹೇಳಿದರು. ನನ್ನ ಮನಸ್ಸಲ್ಲಿ ನಿನ್ನ ಮೇಲೆ ಕಹಿ ಇತ್ತು, ಅದನ್ನ ಬಿಟ್ಟಿದ್ದೀನಿ, ನನ್ನಿಂದ ನಿಂಗೇನಾದ್ರೂ ನೋವಾಗಿದ್ರೆ ಕ್ಷಮಿಸು. ಮಾವ, ಆಯ್ತು ಬಿಡು ಅಂದರು. ಅವರ ಕಣ್ಣು ಟೀವಿ ಮೇಲೇ ಇತ್ತು. ದೊಡ್ಡಮ್ಮ ಕಾಫಿ ಪೂರ್ತಿ ಕುಡಿದು, ಲೋಟವನ್ನು ತಾವೇ ಒಳಗೆ ಇಟ್ಟು ಬಂದರು. ಮನೆಯ ಪಾಲಿನ ಮಾತು ಯಾರೂ ಎತ್ತಲಿಲ್ಲ. ಆಮೇಲೂ ಆ ಸಂಬಂಧ ಮೊದಲಿನ ಹಾಗೆ ಆಗಲಿಲ್ಲ. ಹಬ್ಬಕ್ಕೆ ಫೋನು, ಅಷ್ಟೇ.

ನನಗೆ ಮಾವನ ಮೇಲೆ ಸಿಟ್ಟು ಬಂದಿತ್ತು. ದೊಡ್ಡಮ್ಮನಿಗೆ ಬಂದಿರಲಿಲ್ಲ. ಅವನು ಏನು ಮಾಡ್ತಾನೆ ಅಂತ ದೇವರು ನನ್ನ ಕೇಳಲ್ಲ ಅಂದರು. ಮಾರನೆಯ ದಿನ ಮೊಣಕಾಲೂರಿ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಂಡರು.

ಕೊಟ್ಟಿದ್ದಕ್ಕೆ ಏನು ಸಿಕ್ಕಿತು ಅಂತ ನೋಡದೆ ಕೊಡುವುದನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅಲ್ಲೇ. ವಿಧೇಯತೆಗೆ ಆಶೀರ್ವಾದ ಅನ್ನುವ ಪ್ರಸಂಗಗಳು ಈಗ ಜಾಸ್ತಿ. ದಶಮಾಂಶ ಕೊಡಿ, ಡಬಲ್ ಆಗಿ ಬರುತ್ತದೆ. ಉಪವಾಸ ಮಾಡಿ, ವೀಸಾ ಆಗುತ್ತದೆ. ಇದು ಅಮಚ್ಯನ ಲೆಕ್ಕವೇ. ದೇವರು ಕೊಡುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ದೇವರ ಮನುಷ್ಯನೇ ಅಮಚ್ಯನಿಗೆ ಆ ಮಾತು ಕೊಟ್ಟ, ಅದು ಸುಳ್ಳೂ ಅಲ್ಲ. ಆದರೆ ಆ ಮಾತಿಗೋಸ್ಕರವೇ ಕೇಳಿದವನು ಎಲ್ಲಿಗೆ ಹೋಗಿ ನಿಂತ ಅನ್ನುವುದೂ ಅದೇ ಅಧ್ಯಾಯದಲ್ಲಿದೆ. ಆಜ್ಞೆಗಿಂತ ಮೊದಲು ದೇವರ ಕೃಪೆ ಬಂದಿರುತ್ತದೆ. ಸೀನಾಯಿಯಲ್ಲಿ ಹತ್ತು ಆಜ್ಞೆ ಕೊಡುವ ಮುಂಚೆ, ನಿನ್ನನ್ನು ಐಗುಪ್ತದಿಂದ ಬಿಡಿಸಿದ ದೇವರು ನಾನು ಅಂತ ಹೇಳಿ ಆಮೇಲೆ ಶುರುಮಾಡಿದ್ದಾನೆ. ಬಿಡುಗಡೆ ಮೊದಲು, ಆಜ್ಞೆ ಆಮೇಲೆ. ಈ ಕ್ರಮ ತಲೆಕೆಳಗಾದರೆ ನಮ್ಮ ವಿಧೇಯತೆ ವ್ಯಾಪಾರ ಆಗಿಬಿಡುತ್ತದೆ.

ಇನ್ನೊಂದು ಮಾತು. ವಿಧೇಯತೆ ಅನ್ನುವುದನ್ನು ಕೆಲವು ಕಡೆ ಸಭಾಪಾಲಕರು ತಮ್ಮ ಕಡೆಗೆ ತಿರುಗಿಸಿಕೊಳ್ಳುತ್ತಾರೆ. ನಾನು ಅಭಿಷಿಕ್ತ, ನನ್ನ ಮಾತು ಮೀರಿದರೆ ದೇವರ ಮಾತು ಮೀರಿದ ಹಾಗೆ ಅನ್ನುತ್ತಾರೆ. ಇದರಿಂದ ಮನೆ ಮುರಿದದ್ದನ್ನು, ಹುಡುಗರು ಓದು ಬಿಟ್ಟದ್ದನ್ನು ನೋಡಿ ನೊಂದಿದ್ದೇನೆ. ಕಾಲೇಬನ ಎದುರು ನಿಂತ 10 ಮಂದಿಯೂ ಕುಲದ ಮುಖಂಡರೇ ಆಗಿದ್ದರು ಅನ್ನುವುದನ್ನು ಮರೆಯಬಾರದು. ಮನುಷ್ಯರಿಗಿಂತ ಹೆಚ್ಚಾಗಿ ದೇವರಿಗೆ ವಿಧೇಯರಾಗಬೇಕು ಅಂತ ಪೇತ್ರನೂ ಅಪೊಸ್ತಲರೂ ಹೇಳಿದ್ದು ಯೆರೂಸಲೇಮಿನ ಹಿರಿಸಭೆಯ ಮುಂದೆ ನಿಂತು.

ಮತ್ತೆ ಅರಣ್ಯಕ್ಕೆ ಬರೋಣ. ಗೂಢಚಾರರು ಹೊರಟದ್ದೂ, ಜನ ಹಿಂದಿರುಗಿದ್ದೂ ಕಾದೇಶ್ ಬರ್ನೇಯ ಅನ್ನುವ ಜಾಗದಿಂದ. ಕಾದೇಶ್‌ ಬರ್ನೇಯದಿಂದ ಜೆರೆದ್ ಹಳ್ಳ ದಾಟುವವರೆಗೆ 38 ವರ್ಷ ಅಂತ ಧರ್ಮೋಪದೇಶಕಾಂಡ ಲೆಕ್ಕ ಕೊಡುತ್ತದೆ. ಅಷ್ಟು ವರ್ಷದಲ್ಲಿ ಕಾಲೇಬ ಏನು ಮಾಡಿದ, ಏನು ಹೇಳಿದ ಅಂತ ಒಂದೇ ಒಂದು ಘಟನೆ ಬರೆದಿಲ್ಲ. ಬೆಳಗಾದರೆ ದೇವರು ಆಕಾಶದಿಂದ ಕೊಡುತ್ತಿದ್ದ ಆಹಾರವಾದ ಮನ್ನ ಕೂಡಿಸುವುದು, ಮೇಘ ಎದ್ದರೆ ಗುಡಾರ ಕೀಳುವುದು, ನಿಂತರೆ ಮತ್ತೆ ಹಾಕುವುದು. ತನ್ನ ವಯಸ್ಸಿನವರು ಒಬ್ಬೊಬ್ಬರಾಗಿ ಸಾಯುತ್ತಿದ್ದರು. ಕಲ್ಲು ಹೊಡೆಯಬೇಕು ಅಂದವರೂ ಅವರಲ್ಲಿದ್ದರು. ಅವರ ಮಣ್ಣಿಗೂ ಅವನು ಹೋಗಿರಬೇಕು. ಎಷ್ಕೋಲಿನ ದ್ರಾಕ್ಷಿ ನೋಡಿ ಬಂದವರಲ್ಲಿ ಉಳಿದವರು ಇಬ್ಬರೇ. ಆ 38 ವರ್ಷವೂ ಅವನು ಪೂರ್ಣಮನಸ್ಸಿನಿಂದ ಹಿಂಬಾಲಿಸಿದ ವರ್ಷಗಳೇ.

ನಮ್ಮ ಕನ್ನಡ ನಾಡಿನ ಸಭೆಯ ಚರಿತ್ರೆಯಲ್ಲಿ ಇಂಥದ್ದು ನೆನಪಾಗುವುದು ಹರ್ಮನ್ ಆನಂದರಾವ್ ಕೌಂಡಿನ್ಯರ ಬದುಕನ್ನು ಓದುವಾಗ. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಹುಡುಗ, ಬಾಸೆಲ್ ಮಿಶನ್ನಿನ ಮೋಗ್ಲಿಂಗ್ ಅವರ ಶಿಷ್ಯ. 1844ರಲ್ಲಿ ದೀಕ್ಷಾಸ್ನಾನ ತೆಗೆದುಕೊಂಡಾಗ ಊರೇ ಅಲ್ಲಾಡಿತು, ಮನೆಯವರು ದೂರವಾದರು. ಆ ದಿನದ ಕಥೆಯನ್ನು ನಾವು ರೋಮಾಂಚನದಿಂದ ಹೇಳುತ್ತೇವೆ. ಬಾಸೆಲ್ಲಿಗೆ ಹೋಗಿ ಓದಿ, 1851ರಲ್ಲಿ ಬೋಧಕರಾಗಿ ದೀಕ್ಷೆ ಪಡೆದು ಅವರು ಊರಿಗೇ ಮರಳಿದರು. ಅಲ್ಲಿಂದ 1893ರಲ್ಲಿ ತೀರಿಕೊಳ್ಳುವವರೆಗೆ ಮಂಗಳೂರಿನಲ್ಲಿ ಪಾಠ, ಕೊಡಗಿನ ಆನಂದಪುರದಲ್ಲಿ ಸಭೆಯ ಕೆಲಸ. ನಲವತ್ತು ವರ್ಷಗಳ ಆ ಕೆಲಸದ ಬಗ್ಗೆ ನಾವು ಹೇಳುವುದು ಕಡಿಮೆ. ನನಗಂತೂ 1844ರ ಆ ಒಂದು ದಿನಕ್ಕಿಂತ ಈ ನಲವತ್ತು ವರ್ಷವೇ ದೊಡ್ಡದಾಗಿ ಕಾಣುತ್ತದೆ.

ಕಾಲೇಬ ಕಡೆಗೂ ಗಿಲ್ಗಾಲಿಗೆ ಬಂದು, ಮೋಶೆಯ ನಂತರ ಜನರ ಮುಖಂಡನಾದ ಯೆಹೋಶುವನ ಮುಂದೆ ನಿಂತಾಗ ಅವನಿಗೆ 85. ಕಾದೇಶಿನಿಂದ ಹೋಗುವಾಗ 40 ಇತ್ತು ಅಂತ ತಾನೇ ಹೇಳುತ್ತಾನೆ. ಆಗ ಇದ್ದಷ್ಟೇ ಶಕ್ತಿ ಈಗಲೂ ಇದೆ, ಈ ಬೆಟ್ಟದ ಸೀಮೆ ನನಗೆ ಕೊಡು ಅನ್ನುತ್ತಾನೆ. ಹೆಬ್ರೋನ್. ಅಬ್ರಹಾಮ, ಸಾರಾ ಮಲಗಿದ ಮಕ್ಪೇಲದ ಗವಿ ಇರುವ ಊರು. ಅನಾಕನ ವಂಶದವರು ಇನ್ನೂ ಅಲ್ಲೇ ಇದ್ದರು. ಯೆಹೋಶುವನ ಪುಸ್ತಕದಲ್ಲೇ ಮುಂದೆ ಯೋಸೇಫನ ಕುಲದವರು ಬಂದು, ನಮಗೆ ಒಂದೇ ಪಾಲು ಯಾಕೆ, ತಗ್ಗಿನ ಕಾನಾನ್ಯರಿಗೆ ಕಬ್ಬಿಣದ ರಥಗಳಿವೆ ಅಂತ ದೂರು ಹೇಳುತ್ತಾರೆ. ಕಾಲೇಬ ಹೋದ. ಶೇಷೈ, ಅಹೀಮನ್, ತಲ್ಮೈ ಅನ್ನುವ ಮೂವರನ್ನು ಓಡಿಸಿ ಊರು ಹಿಡಿದ. ಮಗಳು ಅಕ್ಸಾ ಬಂದು ಬೆಂಗಾಡಿನ ಜೊತೆಗೆ ನೀರೂ ಬೇಕಪ್ಪ ಅಂದಾಗ ಮೇಲಿನ ಬುಗ್ಗೆಗಳನ್ನೂ ಕೆಳಗಿನ ಬುಗ್ಗೆಗಳನ್ನೂ ಕೊಟ್ಟುಬಿಟ್ಟ.

ಇನ್ನೂ ಕೆಲವು ಅಧ್ಯಾಯ ಮುಂದೆ ಹೋದರೆ, ಪಟ್ಟಣಗಳನ್ನು ಹಂಚುವ ಪಟ್ಟಿಯ ನಡುವೆ, ಹೆಬ್ರೋನಿನ ಹೆಸರು ಮತ್ತೆ ಬರುತ್ತದೆ. ಅದನ್ನು ಆಶ್ರಯನಗರವಾಗಿ ಬೇರೆ ಇಟ್ಟರು. ಕೈತಪ್ಪಿ ಒಬ್ಬರನ್ನು ಕೊಂದವನು ಓಡಿಬಂದು ಜೀವ ಉಳಿಸಿಕೊಳ್ಳಲು ಒಂದು ಊರು. ಪಟ್ಟಣವನ್ನು ಯಾಜಕನಾದ ಆರೋನನ ಸಂತತಿಯವರಿಗೆ ಕೊಟ್ಟರು. ಕಾಲೇಬನಿಗೆ ಉಳಿದದ್ದು ಸುತ್ತಲಿನ ಹೊಲಗಳು, ಹಳ್ಳಿಗಳು. 45 ವರ್ಷ ಕಾದು, ಮುದಿ ವಯಸ್ಸಿನಲ್ಲಿ ಯುದ್ಧ ಮಾಡಿ ಗೆದ್ದ ಊರು ಅದು. ಅವನು ಏನಂದ ಅಂತ ಬರೆದಿಲ್ಲ. ಹೂಂ ಅಂದಿರಬೇಕು ಅಂತ ನನ್ನ ನಂಬಿಕೆ. ಕಾದೇಶಿನಲ್ಲಿ ಹಿಂದಿರುಗು ಅಂದಾಗ ಹಿಂದಿರುಗಿದವನು ಅವನು.